ಮಹಮೂದ್ ಗವಾನನ ಎರಡು ಖಜಾನೆಗಳು

ಬೀದರಿನ ಇತಿಹಾಸವನ್ನು ಬರೆದವರು ಯಾರೇ ಆಗಲಿ, ಮಹಮೂದ್ ಗವಾನನ ಮರಣದ ಪ್ರಕರಣಕ್ಕೆ ಬಂದಾಗ ಒಂದು ಪ್ರಸಂಗವನ್ನು ಬಿಡದೆ ಹೇಳುತ್ತಾರೆ. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಶಿಬಿರದಲ್ಲಿ ಮೂರನೆಯ ಮುಹಮ್ಮದ್ ಶಹನ ಅಪ್ಪಣೆಯಂತೆ ಆ ವೃದ್ಧ ಮಂತ್ರಿಯ ಶಿರಚ್ಛೇದವಾಯಿತು. ಆತನು ಒಡಿಶಾದ ಅರಸನಿಗೆ ಬರೆದನೆಂದು ತೋರಿಸಲಾದ ಪತ್ರವು ಕೃತ್ರಿಮವಾದುದು. ಮುದ್ರೆಯನ್ನು ಕಾಯುತ್ತಿದ್ದ ಸೇವಕನನ್ನು ಒಲಿಸಿಕೊಂಡು ಬರಿಯ ಕಾಗದದ ಮೇಲೆ ಮುದ್ರೆಯನ್ನು ಒತ್ತಿಸಿಕೊಂಡಿದ್ದರು. ಮಂತ್ರಿಯು ಸತ್ತ ಮೇಲೆ ಆತನ ಸಂಪತ್ತೆಷ್ಟೆಂದು ತಿಳಿಯುವ ಆಸೆ ಸುಲ್ತಾನನಿಗೆ ಉಂಟಾಯಿತು. ಗವಾನನ ಖಜಾಂಚಿಯಾಗಿದ್ದ ನಿಜಾಮುದ್ದೀನ್ ಹಸನ್ ಗೀಲಾನಿಯನ್ನು ಕರೆಸಿ ವಿಚಾರಿಸಿದನು.

ಖಜಾಂಚಿಯು ಕೊಟ್ಟ ಉತ್ತರವನ್ನು ಫಿರಿಶ್ತಾ ವಿವರವಾಗಿ ಹೇಳಿದ್ದಾನೆ. ಅದರ ಸಾರಾಂಶವಿಷ್ಟು: ತನ್ನ ಒಡೆಯನಿಗೆ ಎರಡು ಖಜಾನೆಗಳಿದ್ದವು. ಒಂದು ಅರಸನ ಖಜಾನೆ. ಸೈನ್ಯ, ಲಾಯ, ಪರಿವಾರಗಳ ವೆಚ್ಚವೆಲ್ಲ ಅದರಿಂದ ನಡೆಯುತ್ತಿತ್ತು. ಈಗ ಅದರಲ್ಲಿ ಉಳಿದಿರುವುದು 1,000 ಲಾರಿ ಮತ್ತು 3,000 ಹೊನ್ನು. ಮತ್ತೊಂದು ಬಡವರ ಖಜಾನೆ. ಅದರಲ್ಲಿ ಮುದ್ರೆ ಹಾಕಿದ ಚೀಲದೊಳಗೆ 300 ಲಾರಿಗಳಿವೆ. ಪರ್ಷಿಯಾದಿಂದ ಬರುವಾಗ ತಂದ 40,000 ಲಾರಿಗಳ ಮೂಲಧನವನ್ನು ಮಂತ್ರಿಯು ವ್ಯಾಪಾರದಲ್ಲಿ ತೊಡಗಿಸಿದ್ದನು. ಮೂಲಧನವನ್ನು ಮುಟ್ಟದೆ, ಅದರ ಲಾಭದಿಂದ ದಿನಕ್ಕೆ 2 ಲಾರಿಗಳನ್ನು ಮಾತ್ರ ತನ್ನ ಊಟ ಉಡುಪುಗಳಿಗೆ ತೆಗೆದುಕೊಂಡು, ಉಳಿದುದನ್ನು ಬಡವರ ಖಜಾನೆಗೆ ಸೇರಿಸುತ್ತಿದ್ದನು. ಸುಲ್ತಾನನು ಪಶ್ಚಾತ್ತಾಪಪಟ್ಟನು, ಮರುವರ್ಷ ತಾನೂ ತೀರಿಕೊಂಡನು.

ಈ ಪ್ರಸಂಗದಿಂದ ನಾವು ವಿದ್ಯಾರ್ಥಿಗಳಿಗೆ ಹೇಳುವ ಪಾಠ ಒಂದೇ: ಮಂತ್ರಿಯು ಪ್ರಾಮಾಣಿಕನು, ಆತನನ್ನು ಕೊಂದವರು ದುಷ್ಟರು. ನಾನೂ ತರಗತಿಯಲ್ಲಿ ಹಲವು ವರ್ಷ ಹೀಗೆಯೇ ಹೇಳಿದ್ದೇನೆ. ಅದು ಸುಳ್ಳಲ್ಲ. ಆದರೆ ಇತಿಹಾಸದ ಅಧ್ಯಾಪಕನು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದರಲ್ಲಿ ಉಳಿದುಹೋಗಿದೆ. ರಾಜ್ಯದ ಮೊದಲನೆಯ ಅಧಿಕಾರಿಯು ವರ್ಷಗಟ್ಟಲೆ ಸ್ವಂತ ವ್ಯಾಪಾರವನ್ನು ನಡೆಸುತ್ತಿದ್ದನು; ಅದರ ಮೂಲಧನವೆಷ್ಟು, ಲಾಭವೆಲ್ಲಿಗೆ ಹೋಗುತ್ತಿತ್ತು ಎಂಬುದು ಆತನ ಒಡೆಯನಿಗೆ ತಿಳಿದುದು ಆತನ ತಲೆ ಬಿದ್ದ ಮೇಲೆ, ಅದೂ ಖಜಾಂಚಿಯ ಬಾಯಿಂದ. ಹೀಗೇಕಾಯಿತು?

ವ್ಯಾಪಾರವು ಗುಟ್ಟಾಗಿರಲಿಲ್ಲ ಎಂಬ ಸಮಾಧಾನವನ್ನು ಹೇಳಬಹುದು. ಗೀಲಾನಿನಿಂದ ದಾಭೋಳ ಬಂದರಿನಲ್ಲಿ ಇಳಿದು, 1453ರ ಸುಮಾರಿಗೆ ಬೀದರಿಗೆ ಬಂದಾಗ ಆತನು ವ್ಯಾಪಾರಿಯೇ. ಮುಂದೆ ಪಡೆದ ಬಿರುದೂ ಮಲಿಕುತ್ತುಜ್ಜಾರ್, ವ್ಯಾಪಾರಿಗಳ ಒಡೆಯ ಎಂದು. ಕುದುರೆಯೊಂದನ್ನು ಮಾರಲು ತಂದಿದ್ದ ರಷ್ಯದ ಅಫನಾಸಿ ನಿಕಿತಿನನು ತನ್ನ ಪ್ರವಾಸಕಥನದಲ್ಲಿ ಮಂತ್ರಿಯನ್ನು ಈ ಬಿರುದಿನಿಂದಲೇ ಕರೆಯುತ್ತಾನೆ. ನಿಕಿತಿನನ ಆ ಕುದುರೆಯನ್ನು ಜುನ್ನರಿನಲ್ಲಿ ಕಿತ್ತುಕೊಂಡ ಅಸದ್ ಖಾನನು ಇದೇ ಮಂತ್ರಿಯ ಕೈಕೆಳಗಿನವನೆಂಬುದನ್ನು ಇಲ್ಲಿ ನೆನೆಯಬಹುದು. ಕುದುರೆಯೇನೋ ಕೊನೆಗೆ ಹಿಂದಕ್ಕೆ ಸಿಕ್ಕಿತು. ಇನ್ನು ವ್ಯಾಪಾರದ ಹರವು ಸಣ್ಣದಲ್ಲ. ತುರ್ಕಿಯ ಬುರ್ಸಾ ನಗರದ ನ್ಯಾಯಾಲಯದ ದಾಖಲೆಗಳನ್ನು ಶೋಧಿಸಿದ ಹಲೀಲ್ ಇನಾಲ್ಜಿಕ್ ಅವರು 1481ಕ್ಕೆ ಹತ್ತಿರದ ವರ್ಷಗಳಲ್ಲಿ ಗವಾನನ ಗುಮಾಸ್ತರು ಅಲ್ಲಿ ಹಿಂದೂಸ್ಥಾನದ ಬಟ್ಟೆಗಳನ್ನು ಮಾರುತ್ತಿದ್ದುದನ್ನು 1960ರಲ್ಲಿ ಪ್ರಕಟಿಸಿದರು. ಸಮುದ್ರದಾಚೆಗೆ ಇಂತಹ ವ್ಯವಹಾರವಿದ್ದವನೇ 1469ರಿಂದ ಕೊಂಕಣದ ದಂಡಯಾತ್ರೆಯನ್ನು ನಡೆಸಿ 1472ರಲ್ಲಿ ಗೋವೆಯನ್ನು ಗೆದ್ದನು. ಗೋವೆಯನ್ನು ಗೆಲ್ಲಲು ರಾಜ್ಯಕ್ಕೆ ಸಾಕಷ್ಟು ಕಾರಣಗಳಿದ್ದವು: ಕರಾವಳಿಯ ಕಡಲುಗಳ್ಳರ ಕಾಟವಿತ್ತು, ವಿಜಯನಗರಕ್ಕೆ ಕುದುರೆಗಳು ಆ ಬಂದರಿನಿಂದ ಹೋಗುತ್ತಿದ್ದವು. ಸ್ವಂತ ಲಾಭಕ್ಕಾಗಿ ಗೆದ್ದನೆಂದು ನಾನು ಹೇಳುತ್ತಿಲ್ಲ. ಬಂದರು ಕೈಸೇರಿದಾಗ ಮಂತ್ರಿಗೂ ವ್ಯಾಪಾರಿಗೂ ಏಕಕಾಲದಲ್ಲಿ ಹಿತವಾಯಿತು, ಆ ಇಬ್ಬರೂ ಒಬ್ಬನೇ ಆಗಿದ್ದನು ಎಂಬುದಷ್ಟೇ ನನ್ನ ಮಾತು. ಹಿತಾಸಕ್ತಿಗಳ ಸಂಘರ್ಷವೆಂದು ಈಗ ನಾವು ಕರೆಯುವುದು ಇದನ್ನೇ. ಅದು ಅಪರಾಧವಲ್ಲ, ಒಂದು ಸ್ಥಿತಿ. ಆ ಸ್ಥಿತಿಯಲ್ಲಿರುವವನು ಅದನ್ನು ಹೇಳದೆ ಇದ್ದರೆ, ಹೇಳುವ ಕೆಲಸವನ್ನು ಆತನ ವೈರಿಗಳು ತಮಗೆ ಬೇಕಾದಂತೆ ಮಾಡುತ್ತಾರೆ.

ಈ ಕಥೆಯನ್ನು ಹೇಳಿದವರ ಸ್ಥಿತಿಯನ್ನೂ ನೋಡಬೇಕು. ಫಿರಿಶ್ತಾ ಬರೆದುದು ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಹನ ಆಶ್ರಯದಲ್ಲಿ, ಘಟನೆ ನಡೆದು ಶತಮಾನಕ್ಕೂ ಹೆಚ್ಚು ಕಾಲವಾದ ಮೇಲೆ. ಆ ವಂಶದ ಮೂಲಪುರುಷನಾದ ಯೂಸುಫ್ ಆದಿಲ್ ಖಾನನು ಗವಾನನ ಆಸರೆಯಲ್ಲಿ ಮೇಲೆ ಬಂದವನು. ಫಿರಿಶ್ತಾ ಆಧಾರವಾಗಿ ಬಳಸಿದ ಮುಲ್ಲಾ ಅಬ್ದುಲ್ ಕರೀಮನೂ ಗವಾನನಿಗೆ ಬೇಕಾದವನೇ. ಇತ್ತ ‘ಬುರ್ಹಾನ್-ಇ-ಮಆಸಿರ್’ ಬರೆದ ಅಲಿ ತಬಾತಬಾ ಅಹಮದನಗರದ ನಿಜಾಮಶಾಹಿಯ ಸೇವೆಯಲ್ಲಿದ್ದನು. ಆ ವಂಶದ ಸ್ಥಾಪಕನ ತಂದೆ ಮಲಿಕ್ ಹಸನ್ ನಿಜಾಮುಲ್ ಮುಲ್ಕನೇ ಗವಾನನ ವಿರುದ್ಧದ ಒಳಸಂಚಿನ ಮುಖ್ಯನೆಂದು ಫಿರಿಶ್ತಾ ಹೇಳುತ್ತಾನೆ. ಹೀಗೆ ನಮ್ಮ ಸಾಕ್ಷಿಗಳಲ್ಲಿ ಒಬ್ಬನು ಹತನ ಕಡೆಯ ಮನೆಯಲ್ಲಿ ಉಂಡವನು, ಇನ್ನೊಬ್ಬನು ಹಂತಕನ ಮನೆಯಲ್ಲಿ ಉಂಡವನು. ಆದರೂ ಫಿರಿಶ್ತಾನ ವಿಷಯದಲ್ಲಿ ಒಂದು ಮಾತನ್ನು ಹೇಳಲೇಬೇಕು. ತಾನು ಮೊದಲು ಅಹಮದನಗರದಲ್ಲಿದ್ದುದು, ಬಳಿಕ ಬಿಜಾಪುರಕ್ಕೆ ಬಂದುದು, ಯಾರ ಆಶ್ರಯದಲ್ಲಿ ಗ್ರಂಥವನ್ನು ಬರೆದನೆಂಬುದು, ಇವನ್ನೆಲ್ಲ ಆತನು ತನ್ನ ಗ್ರಂಥದಲ್ಲಿಯೇ ತಿಳಿಸಿದ್ದಾನೆ. ಆದುದರಿಂದಲೇ ಆತನ ಮಾತನ್ನು ತೂಗಿ ನೋಡಲು ನಮಗೆ ಸಾಧ್ಯವಾಗಿದೆ. ತನ್ನ ಕಥಾನಾಯಕನು ಅರಸನಿಗೆ ಮಾಡದೆ ಹೋದುದನ್ನು ಈ ಚರಿತ್ರಕಾರನು ವಾಚಕನಿಗೆ ಮಾಡಿದ್ದಾನೆ. 1942ರಲ್ಲಿ ಗವಾನನನ್ನು ಕುರಿತು ಪ್ರತ್ಯೇಕ ಗ್ರಂಥವನ್ನೇ ಬರೆದ ಪ್ರೊ. ಹಾರೂನ್ ಖಾನ್ ಶೇರ್ವಾನಿಯವರ ಪರಿಶ್ರಮಕ್ಕೆ ನಾವೆಲ್ಲರೂ ಋಣಿಗಳು. ಆದರೆ ಅವರನ್ನು ಅನುಸರಿಸಿ ಬರೆದ ಪಠ್ಯಪುಸ್ತಕಕಾರರು ಮಂತ್ರಿಯ ಸದ್ಗುಣವನ್ನು ಉಳಿಸಿಕೊಂಡು, ಸಾಕ್ಷಿಗಳ ತೂಕವನ್ನು ಕೈಬಿಟ್ಟಿದ್ದಾರೆ.

ಬೀದರ ಜಿಲ್ಲೆಯ ಜನಮನಸ್ಸಿನಲ್ಲಿ ಇದಕ್ಕಿಂತ ಹಳೆಯ ಕಥೆಯೊಂದಿದೆ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಅರಸನ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಚಾಡಿ ಹೇಳಿದವರಿದ್ದರು. ಭಂಡಾರವನ್ನು ಎಣಿಸಿ ನೋಡಲು ಒಂದು ಹೊನ್ನೂ ಕಡಮೆಯಿರಲಿಲ್ಲವೆಂದು ಬಸವಪುರಾಣದ ಕಥೆ. ಭೀಮಕವಿಯು ಅದನ್ನು ಕನ್ನಡದಲ್ಲಿ ರಚಿಸಿದುದು 1369ರಲ್ಲಿ, ಗವಾನನು ಬೀದರಿಗೆ ಬರುವುದಕ್ಕೆ ಎಂಬತ್ತು ವರ್ಷಗಳಿಗೂ ಮುಂಚೆ. ಪುರಾಣವನ್ನು ಭಂಡಾರದ ಲೆಕ್ಕಪತ್ರವೆಂದು ನಾನು ಇಲ್ಲಿ ತರುತ್ತಿಲ್ಲ. ಎರಡು ಕಥೆಗಳ ನಡಿಗೆ ಒಂದೇ ಎಂಬುದನ್ನು ತೋರಿಸಲು ತರುತ್ತಿದ್ದೇನೆ: ಮೊದಲು ಆರೋಪ, ಆಮೇಲೆ ಎಣಿಕೆ, ಕೊನೆಗೆ ನಿರ್ದೋಷ. ಆರೋಪಕ್ಕೆ ಮುಂಚೆ ಎಣಿಕೆಯಾಗುವ ಕಥೆ ನಮ್ಮಲ್ಲಿ ಇಲ್ಲ. ಕೇಳದೆ ಲೆಕ್ಕ ತೋರಿಸುವವನಲ್ಲಿ ಏನೋ ಅಳುಕಿದೆಯೆಂದು ಭಾವಿಸುವುದು, ಲೆಕ್ಕ ಕೇಳಿದರೆ ಅವಮಾನವೆಂದು ತಿಳಿಯುವುದು, ಎರಡೂ ನಮ್ಮಲ್ಲಿ ಬೇರೂರಿವೆ.

ಇದನ್ನು ಬರೆಯುತ್ತಿರುವುದು ಗಾಂಧಿ ಗಂಜದಲ್ಲಿ. ಇಲ್ಲಿ ನಮ್ಮ ಮನೆಯವರ ಅಡತಿ ಅಂಗಡಿಯಿದೆ. ವ್ಯಾಪಾರಿ ಮಂತ್ರಿಯ ವಿಷಯದಲ್ಲಿ ನನ್ನ ಮಾತಿನ ತೂಕವನ್ನು ವಾಚಕರು ಇದನ್ನು ತಿಳಿದೇ ನಿಶ್ಚಯಿಸಬೇಕು. ಅಡತಿಯವನು ರೈತನ ಪರವಾಗಿ ತೊಗರಿಯನ್ನು, ಉದ್ದನ್ನು ಮಾರಿಸಿಕೊಡತಕ್ಕವನು. ಆತನ ತಮ್ಮನೇ ಬೇರೆ ಹೆಸರಿನಲ್ಲಿ ಖರೀದಿಗೆ ನಿಂತರೆ, ದರವು ನ್ಯಾಯವಾದುದೇ ಆಗಿದ್ದರೂ ಸೌದಾ ಶುದ್ಧವಾಗಲಾರದು. ಕೇಳಿದರೆ ಅದು ಎಲ್ಲರಿಗೂ ಗೊತ್ತಿದೆಯೆನ್ನುತ್ತಾರೆ. ನಿಜವೇ, ಯಾವ ಅಂಗಡಿ ಯಾರ ತಮ್ಮನದೆಂದು ಮುನೀಮನಿಂದ ಹಮಾಲನವರೆಗೆ ಎಲ್ಲರೂ ಬಲ್ಲರು. ಔರಾದಿನ ಕಡೆಯ ಹಳ್ಳಿಯಿಂದ ಮೂಟೆಗಳೊಡನೆ ಬಂದ ರೈತನೊಬ್ಬನು ಮಾತ್ರ ಅರಿಯನು. ಗೊತ್ತಿರುವುದು ಒಳಗಿನವರಿಗೆ, ಹೇಳಬೇಕಾದುದು ಹೊರಗಿನವನಿಗೆ. ಮಲಿಕುತ್ತುಜ್ಜಾರ್ ಎಂಬ ಬಿರುದನ್ನೇ ಸಾಕಷ್ಟು ಪ್ರಕಟನೆಯೆಂದು ಎಣಿಸುವ ವಾದವೂ ಇಲ್ಲಿಯೇ ಕುಸಿಯುತ್ತದೆ.

ವಿಶ್ವವಿದ್ಯಾಲಯದಲ್ಲಿ ನಾವು ಇದೇ ವಾದದ ನೆರಳಿನಲ್ಲಿ ಬದುಕುತ್ತಿದ್ದೇವೆ. ನಿಯಮಗಳಿಗೆ ಕೊರತೆಯಿಲ್ಲ. ಅಧ್ಯಾಪಕನು ತನ್ನ ಕರ್ತವ್ಯಕ್ಕೆ ಅಡ್ಡಿಯಾಗಬಹುದಾದ ಬೇರೆ ಉದ್ಯೋಗವನ್ನು, ಖಾಸಗಿ ಪಾಠವನ್ನು ವರ್ಜಿಸಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2010ರ ಮತ್ತು 2018ರ ನಿಬಂಧನೆಗಳಲ್ಲಿದೆ. ಸರಕಾರಿ ನೌಕರರ 1966ರ ನಡತೆಯ ನಿಯಮಗಳ ಸ್ಥಾನದಲ್ಲಿ 2021ರಲ್ಲಿ ಹೊಸವು ಬಂದಿವೆ. ಆಸ್ತಿ ವಿವರದ ಪಟ್ಟಿಯು ಮನೆ, ನಿವೇಶನ, ಚಿನ್ನಗಳನ್ನು ಕೇಳುತ್ತದೆ. ಅಮೆರಿಕದಲ್ಲಿ ಸರಕಾರದ ಹಣದಿಂದ ಆರೋಗ್ಯ ಸಂಶೋಧನೆ ಮಾಡುವವರು ಹೇಳಬೇಕಾದ ಹೊರಗಿನ ಹಿತದ ಮಿತಿಯನ್ನು 2011ರಲ್ಲಿ 10,000 ಡಾಲರುಗಳಿಂದ 5,000ಕ್ಕೆ ಇಳಿಸಿದರು. ಆದರೆ ಇತಿಹಾಸ ವಿಭಾಗದಲ್ಲಿ ಇರುವುದು ಡಾಲರುಗಳ ಪ್ರಶ್ನೆಯಲ್ಲ. ಬೆಳಗಿನ ಎರಡು ಗಂಟೆಗಳನ್ನು ತರಬೇತಿ ಕೇಂದ್ರಕ್ಕೆ ಕೊಟ್ಟು ಬಂದವನು ತರಗತಿಯಲ್ಲಿ ಹಳೆಯ ಟಿಪ್ಪಣಿಯನ್ನು ಓದಿಸಿ ಎದ್ದುಹೋಗುತ್ತಾನೆ. ಆಸ್ತಿಯ ಪಟ್ಟಿಯಲ್ಲಿ ಆ ಎರಡು ಗಂಟೆಗಳಿಗೆ ಅಂಕಣವಿಲ್ಲ. ಹಣದ ಇಬ್ಬಂದಿಯಂತೆ ಹೊತ್ತಿನ ಇಬ್ಬಂದಿಯೂ ಒಂದಿದೆ. ಎರಡನೆಯದು ವಿದ್ಯಾರ್ಥಿಗೆ ಹೆಚ್ಚು ಹಾನಿಕರವೆಂದು ನನ್ನ ಅಭಿಪ್ರಾಯ. ಅತಿಥಿ ಉಪನ್ಯಾಸಕರ ಮಾತು ಬೇರೆ. ಆಯೋಗವು 2019ರಲ್ಲಿ ಉಪನ್ಯಾಸವೊಂದಕ್ಕೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ಎಂದು ನಿಗದಿಪಡಿಸಿದರೂ, ಅಷ್ಟು ಕೈಗೆ ಬಾರದ ಕಡೆ ಆತನು ಬೇರೆ ದುಡಿಮೆಯನ್ನು ಬಿಡಲಾರನು. ಆತನಿಂದ ತ್ಯಾಗವನ್ನು ಕೇಳುವುದು ಅನ್ಯಾಯ. ದುಡಿಮೆ ಏನೆಂದು ಹೇಳಲು ಕೇಳುವುದು ಅನ್ಯಾಯವಲ್ಲ. ಹೇಳಿದವನಿಗೆ ಅದರಿಂದ ಕೆಡಕಾಗಬಾರದು, ಅಷ್ಟೆ.

ಪರರ ವಿಷಯದಲ್ಲಿ ಇಷ್ಟು ಬರೆದ ಮೇಲೆ ನನ್ನದನ್ನು ಬಚ್ಚಿಡುವುದು ಸಲ್ಲದು. ಕೆಲವು ವರ್ಷಗಳ ಹಿಂದೆ, ಮನೆಯ ಅಡಚಣೆಯ ದಿನಗಳಲ್ಲಿ, ಪ್ರಕಾಶಕರೊಬ್ಬರಿಗಾಗಿ ಪದವಿ ತರಗತಿಯ ಮಧ್ಯಕಾಲೀನ ಇತಿಹಾಸಕ್ಕೆ ಪ್ರಶ್ನೋತ್ತರದ ಗೈಡೊಂದನ್ನು ಬರೆದುಕೊಟ್ಟೆನು, ಹೆಸರು ಹಾಕಿಸಿಕೊಳ್ಳಲಿಲ್ಲ. ಮರುವರ್ಷವೇ ಅದೇ ಪತ್ರಿಕೆಗೆ ಪ್ರಶ್ನೆಗಳನ್ನು ತೆಗೆಯುವ ಕೆಲಸ ಬಂದಿತು. ಜೊತೆಗೆ ಬಂದ ನಮೂನೆಯಲ್ಲಿ ನನ್ನ ಹತ್ತಿರದ ಸಂಬಂಧಿಕರು ಯಾರೂ ಆ ಪರೀಕ್ಷೆಗೆ ಕುಳಿತಿಲ್ಲವೆಂದು ಸಹಿ ಹಾಕಬೇಕಾಗಿತ್ತು. ಯಾರೂ ಕುಳಿತಿರಲಿಲ್ಲ, ಸಹಿ ಹಾಕಿದೆನು. ಗೈಡಿನ ಮಾತನ್ನು ನಮೂನೆಯು ಕೇಳಲಿಲ್ಲ, ನಾನೂ ಹೇಳಲಿಲ್ಲ. ಪ್ರಶ್ನೆಗಳನ್ನು ತೆಗೆಯುವಾಗ ಗೈಡಿನಲ್ಲಿದ್ದುದನ್ನು ಬೇಕೆಂದೇ ದೂರವಿಟ್ಟೆನು. ಅದರ ಫಲವಾಗಿ, ವಿದ್ಯಾರ್ಥಿಗಳನ್ನು ಕೇಳಲೇಬೇಕಾಗಿದ್ದ ಮಹಮೂದ್ ಗವಾನನ ಆಡಳಿತ ಸುಧಾರಣೆಗಳ ಪ್ರಶ್ನೆಯೇ ಆ ವರ್ಷದ ಪತ್ರಿಕೆಯಿಂದ ಬಿಟ್ಟುಹೋಯಿತು. ಗೈಡಿನ ಮಾರಾಟಕ್ಕೆ ನಾನು ನೆರವಾಗಲಿಲ್ಲವೆಂಬ ಸಮಾಧಾನವೇನೋ ನನ್ನದು. ಪತ್ರಿಕೆ ಮಾತ್ರ ನನ್ನ ಗುಟ್ಟಿನ ಆಕಾರವನ್ನು ತಳೆಯಿತು.

ಈ ವರ್ಷ ಮತ್ತೆ ಆ ಕೆಲಸಕ್ಕೆ ಕರೆ ಬಂದಾಗ, ಗೈಡಿನ ಸಂಗತಿಯನ್ನೂ ಅದರಿಂದ ನನಗೆ ಸಂದ ಹಣವನ್ನೂ ಒಂದು ಪುಟದಲ್ಲಿ ಬರೆದು ವಿಭಾಗದ ಮುಖ್ಯಸ್ಥರಿಗೆ ಒಪ್ಪಿಸಿದೆನು. ಅವರು ಎರಡು ಸಲ ಓದಿದರು. ಕೋಪಗೊಳ್ಳಲಿಲ್ಲ, ಮೆಚ್ಚಲೂ ಇಲ್ಲ. ಗುಮಾಸ್ತರನ್ನು ಕರೆದು ಇದನ್ನು ಯಾವ ಕಡತದಲ್ಲಿ ಇಡತಕ್ಕದ್ದೆಂದು ಕೇಳಿದರು. ಅಂತಹ ಕಡತವಿಲ್ಲವೆಂದು ಉತ್ತರ ಬಂದಿತು. ಸದ್ಯಕ್ಕೆ ಅದು ರಜೆಯ ಅರ್ಜಿಗಳ ಕಡತದಲ್ಲಿದೆ.