ಕಣಿವೆ ಜ್ವರ ಮತ್ತು ಗರ್ಭಿಣಿಯರು: ಎರಡು ವರದಿಗಳ ವಿಮರ್ಶೆ

ರೋಗದ ಚರಿತ್ರೆಯನ್ನು ಬರೆಯಹೊರಟವರು ಆಸ್ಪತ್ರೆಯ ದಾಖಲೆಯನ್ನು ಶಾಸನದಷ್ಟೇ ಎಚ್ಚರದಿಂದ ಓದಬೇಕಾಗುತ್ತದೆ. ಕ್ಯಾಲಿಫೋರ್ನಿಯದ ಸ್ಯಾನ್ ವಾಕೀನ್ ಕಣಿವೆಯಿಂದ ಹೆಸರು ಪಡೆದ ‘ಕಣಿವೆ ಜ್ವರ’ವು ಇದಕ್ಕೆ ತಕ್ಕ ನಿದರ್ಶನ. ಒಣನೆಲದ ಧೂಳಿನಲ್ಲಿರುವ ಶಿಲೀಂಧ್ರದ ಕಣಗಳು ಉಸಿರಿನೊಡನೆ ಶ್ವಾಸಕೋಶವನ್ನು ಹೊಕ್ಕು ಈ ವ್ಯಾಧಿಯನ್ನುಂಟುಮಾಡುತ್ತವೆ.

ಗರ್ಭಿಣಿಯರ ವಿಷಯದಲ್ಲಿ ಬಹುಕಾಲ ಪ್ರಮಾಣವೆನಿಸಿದ್ದು, ಕರ್ನ್ ಕೌಂಟಿಯ ಅನುಭವವನ್ನು ಕುರಿತು ಸ್ಮೇಲ್ ಮತ್ತು ವೇಕ್ಟರ್ ಅವರು 1970ರಲ್ಲಿ ಪ್ರಕಟಿಸಿದ ಲೇಖನ. ರೋಗವು ಶ್ವಾಸಕೋಶವನ್ನು ದಾಟಿ ದೇಹದಲ್ಲೆಲ್ಲ ಹರಡಿದ ಪ್ರಸಂಗಗಳೇ ಅದರ ವಸ್ತು. ಅದನ್ನಷ್ಟೇ ಓದಿದವರಿಗೆ ಗರ್ಭಿಣಿಗೆ ಈ ಜ್ವರ ಬಂದರೆ ಮರಣವೇ ಗತಿಯೆಂದು ತೋರಿದ್ದರೆ ಆಶ್ಚರ್ಯವಿಲ್ಲ. 1988ರಲ್ಲಿ ಅರಿಜೋನದ ಟೂಸಾನಿನಿಂದ ಬಂದ ವರದಿಯಾದರೋ ಒಟ್ಟು ಗರ್ಭಗಳನ್ನು ಎಣಿಸಿತು: 47,120ರಲ್ಲಿ ರೋಗ ಗುರುತಾದದ್ದು 10ರಲ್ಲಿ ಮಾತ್ರ. ವೀರಗಲ್ಲುಗಳನ್ನೆಣಿಸಿ ಊರಿನ ಜನಸಂಖ್ಯೆಯನ್ನು ಹೇಳಲಾದೀತೆ? ಹಾಗೆಂದು ಎರಡನೆಯ ವರದಿಯನ್ನೂ ಕೊನೆಯ ಮಾತೆಂದು ನಾವು ಒಪ್ಪಲಾರೆವು. ಪರೀಕ್ಷೆಗೇ ಬಾರದ ಸೌಮ್ಯ ರೋಗಿಗಳು ಆ ಲೆಕ್ಕಕ್ಕೆ ಸಿಕ್ಕಿರಲಾರರು. ಹತ್ತೇ ಮಂದಿಯಿಂದ ರೋಗದ ಉಗ್ರತೆಯನ್ನು ಅಳೆಯುವುದೂ ಕಷ್ಟ. ಕೊನೆಯ ಮೂರು ತಿಂಗಳಲ್ಲಿ ಅಪಾಯ ಹೆಚ್ಚೆಂಬುದಂತೂ ನಿಜ. ಗರ್ಭಕಾಲದಲ್ಲಿ ಏರುವ ಹಾರ್ಮೋನುಗಳು ಈ ಶಿಲೀಂಧ್ರದ ಬೆಳವಣಿಗೆಯನ್ನು ಪ್ರಚೋದಿಸುತ್ತವೆಂದು 1981ರಲ್ಲಿ ಡ್ರುಟ್ಸ್ ಮತ್ತು ಹಪರ್ಟ್ ಪ್ರಯೋಗದಿಂದ ತೋರಿಸಿದರು.

ನಿದಾನದಲ್ಲಿಯೇ ತೊಡಕು ಹೆಚ್ಚು. ಜ್ವರ, ಕೆಮ್ಮುಗಳನ್ನು ಸಾಮಾನ್ಯ ನ್ಯುಮೋನಿಯವೆಂದೂ ಆಯಾಸವನ್ನು ಬಸಿರಿನ ಆಯಾಸವೆಂದೂ ಎಣಿಸುವುದು ಸುಲಭ. ಬ್ಯಾಕ್ಟೀರಿಯ ನಾಶಕ ಔಷಧಗಳು ಇಲ್ಲಿ ಫಲಿಸವು. ಎದೆಯ ಎಕ್ಸ್‌ರೇಯಿಂದ ಶಿಶುವಿಗೆ ತಗಲುವ ವಿಕಿರಣ ಅತ್ಯಲ್ಪವಾಗಿದ್ದರೂ ಅದಕ್ಕಂಜಿ ದಿನಗಳೆಯುವುದುಂಟು. ಇದು ಅನುಚಿತವೆಂದು ನಮ್ಮ ಅಭಿಪ್ರಾಯ. ರಕ್ತದಲ್ಲಿನ ಪ್ರತಿಕಾಯಗಳ ಪರೀಕ್ಷೆ, ಕಫದಿಂದ ಶಿಲೀಂಧ್ರವನ್ನು ಬೆಳೆಸಿ ನೋಡುವುದು ಇವೇ ನಿರ್ಣಾಯಕ. ಮೊಣಕಾಲ ಕೆಳಗೆ ನೋಯುವ ಕೆಂಪು ಗಂಟುಗಳೆದ್ದರೆ, ನೋಡಲು ಭಯಂಕರವಾದರೂ, ಅದು ಶುಭಸೂಚನೆಯೇ. ದೇಹವು ರೋಗವನ್ನು ಎದುರಿಸುತ್ತಿದೆಯೆಂದರ್ಥ.

ಚಿಕಿತ್ಸೆಯು ತಿಂಗಳನ್ನವಲಂಬಿಸಿದೆ. ಮೊದಲ ಮೂರು ತಿಂಗಳಲ್ಲಿ ಔಷಧವು ಅನಿವಾರ್ಯವಾದರೆ, ತಾಯಿಯ ಮೂತ್ರಪಿಂಡಗಳಿಗೆ ತೊಂದರೆಕೊಡಬಲ್ಲದಾದರೂ, ಆಂಫೊಟೆರಿಸಿನ್-ಬಿ ಎಂಬುದನ್ನೇ ರಕ್ತನಾಳದ ಮೂಲಕ ಕೊಡುತ್ತಾರೆ. ನುಂಗಲು ಸುಲಭವಾದ ಫ್ಲುಕೊನಜೋಲನ್ನು ಆ ಅವಧಿಯ ಬಹುಭಾಗ ದಿನಕ್ಕೆ 400ರಿಂದ 800 ಮಿಲಿಗ್ರಾಂನಂತೆ ಸೇವಿಸಿದರೆ ಶಿಶುವಿನ ಮುಖ, ಮೂಳೆಗಳು ವಿಕಾರಗೊಳ್ಳಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿ ಎಚ್ಚರಿಸಿತು. ಈ ಗುಳಿಗೆಗೆ ಆ ದೇಶದಲ್ಲಿ ಅನುಮತಿ ದೊರೆತದ್ದು 1990ರಲ್ಲಿ, ಎಂದರೆ ಮೇಲಿನ ಎರಡು ವರದಿಗಳೂ ಹೊರಬಂದ ತರುವಾಯ. ಗುಳಿಗೆಯನ್ನು ನುಂಗುತ್ತಿರುವಾಗಲೇ ತಾನು ಗರ್ಭಿಣಿಯೆಂದರಿತ ಹೆಂಗಸಿನ ಪ್ರಶ್ನೆಗೆ ಅವುಗಳಲ್ಲಿ ಉತ್ತರವನ್ನು ಹುಡುಕುವುದು ವ್ಯರ್ಥ.