ಪರಭಾಷೆಯ ಹೊಸ್ತಿಲಲ್ಲಿ

ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಬೇಸಗೆಯ ಭಾಷಾಶಿಬಿರವನ್ನು ಸೇರಿದ ನಮ್ಮ ಸೋದರಳಿಯನಿಂದ ಮೊದಲ ವಾರದಲ್ಲಿಯೇ ಪತ್ರವು ಬಂದಿತು. ಊಟ, ಹವೆ, ಕೊಠಡಿಗಳ ವಿಚಾರ ನಾಲ್ಕು ಸಾಲು; ಉಳಿದುದೆಲ್ಲ ಒಂದೇ ದುಃಖ. ಇಲ್ಲಿ ನಾಲ್ಕು ಜನರ ನಡುವೆ ವಾದಮಾಡಿ ಗೆಲ್ಲುತ್ತಿದ್ದ ಹುಡುಗನು ಅಲ್ಲಿ ಉಪ್ಪು ಬೇಕೆಂದು ಕೇಳುವುದಕ್ಕೂ ವಾಕ್ಯವನ್ನು ಮನಸ್ಸಿನಲ್ಲಿ ಎರಡು ಸಲ ಕಟ್ಟಿಕೊಳ್ಳಬೇಕಾಗಿತ್ತಂತೆ. ಕಟ್ಟಿ ಮುಗಿಸುವಷ್ಟರಲ್ಲಿ ಉಪ್ಪಿನ ಬಟ್ಟಲು ಮೇಜಿನ ಆ ತುದಿಯನ್ನು ಸೇರಿರುತ್ತಿತ್ತಂತೆ. “ಮಾಮ, ಇಲ್ಲಿ ನನಗೆ ಮೂರು ವರ್ಷ ವಯಸ್ಸು” ಎಂದು ಬರೆದಿದ್ದನು.

ಸಮಾಧಾನಕ್ಕೆಂದು ಮಾರ್ಕ್ ಟ್ವೇನನ ಪ್ರಸಿದ್ಧ ಪ್ರಬಂಧವನ್ನು ಓದೆಂದು ಸೂಚಿಸಿದೆವು. ಜರ್ಮನ್ ಭಾಷೆಯ ಭಯಂಕರತೆಯನ್ನು ಕುರಿತ ಆ ಪ್ರಬಂಧವು 1880ರಲ್ಲಿ ಅವನ ಪ್ರವಾಸಗ್ರಂಥದ ಅನುಬಂಧವಾಗಿ ಹೊರಬಂದಿತು. ಹುಡುಗನ ಉತ್ತರ ಚಿಕ್ಕದು: “ಓದಿದೆ. ಚೆನ್ನಾಗಿದೆ. ನಗು ಬರಲಿಲ್ಲ.” ಇದು ಅರಸಿಕತೆಯೆಂದು ಮೊದಲು ತೋರಿತು. ಆದರೆ ಪ್ರಬಂಧವನ್ನು ಮತ್ತೊಮ್ಮೆ ತೆಗೆದು ಓದಿದ ಮೇಲೆ ಅರಸಿಕರು ನಾವೇ ಎಂದು ಒಪ್ಪಿಕೊಳ್ಳಬೇಕಾಯಿತು.

ಟ್ವೇನನು 1878ರಲ್ಲಿ ಹೈಡೆಲ್‌ಬರ್ಗಿಗೆ ಹೋದಾಗ ಅವನ ವಯಸ್ಸು ನಾಲ್ವತ್ತೆರಡು. ಕೀರ್ತಿಯು ಅದಾಗಲೇ ಕೈಸೇರಿತ್ತು. ಕ್ರಿಯಾಪದವು ವಾಕ್ಯದ ಕೊನೆಯವರೆಗೂ ಕಾಯಿಸುತ್ತದೆ, ಸಮಾಸಗಳಿಗೆ ಕೊನೆಮೊದಲಿಲ್ಲ, ಎಳೆಯ ಹುಡುಗಿಗೆ ನಪುಂಸಕಲಿಂಗ, ಗಡ್ಡೆಯ ತರಕಾರಿಗೆ ಸ್ತ್ರೀಲಿಂಗ — ಇವು ಅವನ ದೂರುಗಳು. ಇಂಗ್ಲಿಷನ್ನು ಮೂವತ್ತು ಗಂಟೆಗಳಲ್ಲಿಯೂ ಫ್ರೆಂಚನ್ನು ಮೂವತ್ತು ದಿನಗಳಲ್ಲಿಯೂ ಕಲಿಯಬಲ್ಲ ಬುದ್ಧಿವಂತನಿಗೂ ಜರ್ಮನಿಗೆ ಮೂವತ್ತು ವರ್ಷ ಬೇಕೆಂದು ಅವನ ಲೆಕ್ಕ. (ಜರ್ಮನಿಯಿಂದ 1853ರಲ್ಲಿ ನಮ್ಮ ನಾಡಿಗೆ ಬಂದ ಕಿಟ್ಟೆಲರ ಕನ್ನಡ ಕೋಶವು 1894ರಲ್ಲಿ ಪ್ರಕಟವಾಯಿತು. ಈ ಲೆಕ್ಕವನ್ನು ಕೇಳಿದ್ದರೆ ಅವರು ಏನೆನ್ನುತ್ತಿದ್ದರೋ!)

ಈ ದೂರುಗಳನ್ನು ಕನ್ನಡಿಗನು ಓದುವ ಬಗೆಯೇ ಬೇರೆ. ಕ್ರಿಯಾಪದಕ್ಕಾಗಿ ವಾಕ್ಯಾಂತದವರೆಗೆ ಕಾಯುವುದು ನಮಗೆ ಹುಟ್ಟುಗುಣ. ಜರ್ಮನ್ ಪ್ರಧಾನವಾಕ್ಯದಲ್ಲಿ ಅದು ಎರಡನೆಯ ಸ್ಥಾನಕ್ಕೆ ಓಡಿಬರುವುದೇ ನಮಗೆ ತೊಡಕು. ಸಮಾಸದ ಉದ್ದಕ್ಕೆ ನಮ್ಮ ಚಂಪೂಕವಿಗಳು ಅಂಜಿದವರಲ್ಲ. ಇನ್ನು ಲಿಂಗದ ಮಾತು: ನಮ್ಮಲ್ಲಿ ಮಗುವೂ ಕೂಸೂ ನಪುಂಸಕವೇ, ಸಂಸ್ಕೃತದಲ್ಲಿ ಹೆಂಡತಿಯು ‘ಭಾರ್ಯಾ’ ಎಂದಾಗ ಸ್ತ್ರೀಲಿಂಗ, ‘ದಾರಾಃ’ ಎಂದಾಗ ಪುಲ್ಲಿಂಗ ಬಹುವಚನ, ‘ಕಲತ್ರಂ’ ಎಂದಾಗ ನಪುಂಸಕ. ಅಮರಕೋಶವನ್ನು ಬಾಯಿಪಾಠಮಾಡಿದ ಮನೆಯವರಿಗೆ ಜರ್ಮನ್ ಹುಡುಗಿಯ ಲಿಂಗದಿಂದ ಎಷ್ಟು ಆಶ್ಚರ್ಯವಾದೀತು? ಟ್ವೇನನ ಹಾಸ್ಯವು ಜರ್ಮನ್ ಭಾಷೆಯ ಮೇಲೆ ಕಟ್ಟಿದುದಲ್ಲ, ಇಂಗ್ಲಿಷೇ ಭಾಷೆಗಳಿಗೆಲ್ಲ ಅಳತೆಗೋಲೆಂಬ ನಂಬಿಕೆಯ ಮೇಲೆ ಕಟ್ಟಿದುದು.

ಅವನಿಗೆ ಅನ್ಯಾಯ ಮಾಡಬಾರದು. ಪ್ರಬಂಧದ ಕೊನೆಯ ಕಡೆಗೆ, ಮನೆಯ ಬಾಳನ್ನೂ ಪ್ರೀತಿಯನ್ನೂ ಶಾಂತವಾದ ಪ್ರಕೃತಿಯನ್ನೂ ಹೇಳುವ ಜರ್ಮನ್ ಪದಗಳ ಮಾರ್ದವಕ್ಕೆ ಅವನು ಮನಸೋಲುತ್ತಾನೆ. ಆ ಭಾಗವು ಸೊಗಸಾಗಿದೆ. ಆದರೆ ಇಡೀ ಪ್ರಬಂಧದಲ್ಲಿ ಅವನು ಒಂದು ಗಳಿಗೆಯೂ ಚಿಕ್ಕವನಾಗುವುದಿಲ್ಲ. ಮಾತು ಸೋತರೆ ಅವನಿಗೆ ನಷ್ಟವಿಲ್ಲ. ಸೋಲನ್ನೇ ಬರೆದು ಮಾರಬಲ್ಲನು. ಉಪ್ಪಿನ ಬಟ್ಟಲನ್ನು ನೋಡುತ್ತ ಕುಳಿತವನಿಗೆ ಆ ಅನುಕೂಲವೆಲ್ಲಿ?

ಅಪಮಾನವನ್ನು ಒಳಗಿನಿಂದ ಬಲ್ಲ ಗ್ರಂಥವು ಬೇರೆ. ಎಲಿಯಾಸ್ ಕನೆಟ್ಟಿಯು 1977ರಲ್ಲಿ ಪ್ರಕಟಿಸಿದ ಬಾಲ್ಯಚರಿತ್ರೆಯು ಅದು. ಉಳಿದುಕೊಂಡ ನಾಲಗೆ ಎಂಬರ್ಥದ ಹೆಸರು ಅದಕ್ಕೆ. ಬಲ್ಗೇರಿಯದ ರೂಸೆಯಲ್ಲಿ 1905ರಲ್ಲಿ ಹುಟ್ಟಿದ ಈ ಯೆಹೂದ್ಯ ಬಾಲಕನ ಮನೆಮಾತು ಹಳೆಯ ಸ್ಪ್ಯಾನಿಷ್. ಮ್ಯಾಂಚೆಸ್ಟರಿನಲ್ಲಿ ಕಲಿತದ್ದು ಇಂಗ್ಲಿಷು. ತಂದೆ ತಾಯಿಗಳು ತಮ್ಮ ತಮ್ಮಲ್ಲಿ ಮಾತ್ರ ಜರ್ಮನ್ ಆಡುತ್ತಿದ್ದರು. ಮಗುವಿಗೆ ಅದು ಮುಚ್ಚಿದ ಬಾಗಿಲು. 1912ರಲ್ಲಿ ತಂದೆಯು ಅಕಸ್ಮಾತ್ತಾಗಿ ತೀರಿಕೊಂಡನು. ಮರುವರ್ಷದ ಬೇಸಗೆಯಲ್ಲಿ, ವಿಯೆನ್ನಾಕ್ಕೆ ಹೋಗುವ ದಾರಿಯಲ್ಲಿ ಸ್ವಿಟ್ಸರ್ಲೆಂಡಿನ ಲೋಸಾನ್‌ನಲ್ಲಿ ತಂಗಿದಾಗ, ತಾಯಿಯು ಎಂಟು ವರ್ಷದ ಮಗನಿಗೆ ಜರ್ಮನ್ ಪಾಠವನ್ನು ಆರಂಭಿಸಿದಳು.

ಎಂಥ ಪಾಠವದು! ಪುಸ್ತಕವನ್ನು ಅವಳು ಅವನ ಕೈಗೆ ಕೊಡಳು. ಒಂದು ವಾಕ್ಯವನ್ನು ಹೇಳುವಳು, ಹೇಳಿಸುವಳು, ಅರ್ಥವನ್ನು ಒಂದೇ ಸಲ ಇಂಗ್ಲಿಷಿನಲ್ಲಿ ತಿಳಿಸುವಳು. ಮರುದಿನ ನೆನಪಿಲ್ಲದಿದ್ದರೆ ಮಗನು ಮೂಢನೆಂದು ಹಳಿಯುವಳು. ಹುಡುಗನು ತಿರುಗಾಟಕ್ಕೆ ಹೋದಾಗಲೂ ಬಾಯೊಳಗೇ ವಾಕ್ಯಗಳನ್ನು ಜಪಿಸುತ್ತಿದ್ದನು. ಕೊನೆಗೆ ಮಕ್ಕಳ ದಾದಿಯು ಮಧ್ಯೆ ಬಂದ ಮೇಲೆ ಪುಸ್ತಕವು ಅವನಿಗೆ ದೊರೆಯಿತು. ಈ ಪುಟಗಳನ್ನು ಓದುವಾಗ ನಮ್ಮ ಹಳೆಯ ಕೂಲಿಮಠಗಳ ಬೆತ್ತವು ನೆನಪಾಗದಿರದು.

ಆದರೆ ಕನೆಟ್ಟಿಯು ದೂರುವುದಕ್ಕಾಗಿ ಬರೆಯುವುದಿಲ್ಲ. ಅವನ ಹಿರಿಮೆ ಇಲ್ಲಿದೆ. ತಾಯಿಯ ಕ್ರೌರ್ಯದ ಹಿಂದೆ ಒಂದು ಅನಾಥತೆಯಿತ್ತೆಂಬುದನ್ನು ಬೆಳೆದ ಮಗನು ಕಾಣುತ್ತಾನೆ. ಗಂಡನೊಡನೆ ಆಡುತ್ತಿದ್ದ ಮಾತು ಗಂಡನೊಡನೆಯೇ ಸಾಯುವುದರಲ್ಲಿತ್ತು. ಆ ಮಾತಿಗೆ ಉತ್ತರ ಕೊಡುವ ಬಾಯಿ ಅವಳಿಗೆ ಬೇಕಾಗಿತ್ತು. ನೋವಿನಿಂದ ನಾಟಿದ ಆ ಭಾಷೆಯನ್ನೇ ಅವನು ತಡವಾಗಿ ಬಂದ ಮಾತೃಭಾಷೆಯೆಂದು ಎಣಿಸಿದನು, ಇಂಗ್ಲೆಂಡಿನಲ್ಲಿ ನೆಲಸಿದ ಮೇಲೂ ಅದರಲ್ಲಿಯೇ ಬರೆದನು, 1981ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು.

ಒಂದು ಆಕ್ಷೇಪವನ್ನು ಮಾತ್ರ ಹೇಳಬೇಕು. ಫಲವು ದೊಡ್ಡದಾದುದರಿಂದ ವಿಧಾನವೂ ಸಾಧುವೆಂಬ ನೆರಳು ಆ ಪುಟಗಳ ಮೇಲೆ ಬೀಳುತ್ತದೆ. ಅದೇ ರೀತಿಯಲ್ಲಿ ಕಲಿಸಲ್ಪಟ್ಟು ಭಾಷೆಯನ್ನೇ ದ್ವೇಷಿಸಿದ ಮಕ್ಕಳು ಆತ್ಮಚರಿತ್ರೆಗಳನ್ನು ಬರೆಯುವುದಿಲ್ಲವಷ್ಟೆ. ಕನೆಟ್ಟಿಯಂಥ ಸೂಕ್ಷ್ಮದರ್ಶಿಯು ಈ ಮಾತನ್ನು ಇನ್ನಷ್ಟು ಎದುರಿಸಬಹುದಾಗಿತ್ತು.

ಈ ಗ್ರಂಥದ ಇಂಗ್ಲಿಷ್ ಅನುವಾದವನ್ನು ಸೋದರಳಿಯನಿಗೆ ಕಳುಹಿಸಿದೆವು. ಲೋಸಾನಿನ ಅಧ್ಯಾಯವನ್ನು ಅವನು ಒಂದೇ ರಾತ್ರಿಯಲ್ಲಿ ಓದಿದನಂತೆ. ತಾಯಿಯ ವಿಷಯದಲ್ಲಿ ಅವನು ನಮಗಿಂತ ಕಠಿಣ. ಅವಳನ್ನು ಕ್ಷಮಿಸಲಾರೆನೆಂದು ಒಂದು ಪುಟ ತುಂಬ ಬರೆದಿದ್ದಾನೆ. ಪತ್ರದ ಕೊನೆಯ ಮೂರು ಸಾಲುಗಳು ಜರ್ಮನಿನಲ್ಲಿವೆ. ಅವುಗಳಲ್ಲಿ ತಪ್ಪುಗಳಿವೆಯೋ ಇಲ್ಲವೋ ಹೇಳುವಷ್ಟು ಜರ್ಮನ್ ನಮಗೆ ಬಾರದು.