ಧೂಪಪಾತ್ರೆ: ಮೆರುಗು ಮತ್ತು ಮಸಿ

ಹಂಪಿಯ ಉತ್ಖನನಗಳಲ್ಲಿ ದೊರೆತ ಚೀನೀ ಪಿಂಗಾಣಿಯ ಚೂರುಗಳನ್ನು ಕಡಲ ವ್ಯಾಪಾರದ ಸಾಕ್ಷ್ಯವಾಗಿ ಓದುವುದು ರೂಢಿ. ಅವುಗಳ ಹಿಂದಿನ ಆವಿಗೆಯ ಅರಿವು ಜಾನಪದ ವಿದ್ವಾಂಸರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಸಾಂಗ್ ಅರಸರ ಕಾಲದ (960–1279) ಲಾಂಗ್‌ಕ್ವಾನ್ ಕುಂಬಾರರ ಸೆಲಡಾನ್ ಧೂಪಪಾತ್ರೆಗಳು ಪ್ರಾಚೀನ ಕಂಚಿನ ಮುಕ್ಕಾಲಿ ಪಾತ್ರೆಗಳನ್ನು ಅನುಸರಿಸಿದವು. ಮೆರುಗಿನಲ್ಲಿರುವ ಅತ್ಯಲ್ಪ ಕಬ್ಬಿಣಾಂಶವು, ಗಾಳಿ ತಗ್ಗಿಸಿದ ಆವಿಗೆಯ ಸುಮಾರು 1250 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಸಿರಾಗುತ್ತದೆ. ಗಾಳಿ ಹೆಚ್ಚಿತೋ, ಬಣ್ಣ ಹಳದಿಗೆ ತಿರುಗುತ್ತದೆ. ಕೆಂಡವನ್ನಿಡುತ್ತಿದ್ದುದು ಬೂದಿಯ ಹಾಸಿನ ಮೇಲೆ. ಪಾತ್ರೆಯ ಒಡಲಿಗೆ ಉರಿ ನೇರವಾಗಿ ತಾಗುತ್ತಿರಲಿಲ್ಲ.

ಕನ್ನಡ ನಾಡಿನ ಧೂಪಾಚರಣೆಗಳಲ್ಲಿ ವಿಶಿಷ್ಟವಾದ ವೀರಭದ್ರನ ಗುಗ್ಗುಳದ ಕೊಡಕ್ಕೆ ಇಂಥ ಮೆರುಗೂ ಇಲ್ಲ, ರಕ್ಷಣೆಯೂ ಇಲ್ಲ. ಕಂಠ ಒಡೆದ ಹೊಸ ಮಣ್ಣಿನ ಕೊಡದಲ್ಲಿ ಬೆಂಕಿ ಉರಿಯುತ್ತಿರುವಂತೆಯೇ, ಪುರವಂತರ ಒಡಪುಗಳ ನಡುವೆ ಮೆರವಣಿಗೆ ಸಾಗುತ್ತದೆ. ಕಡಿಮೆ ಉರಿಯಲ್ಲಿ ಬೆಂದ, ಸೂಕ್ಷ್ಮ ರಂಧ್ರಗಳುಳ್ಳ ಮಣ್ಣು ಹಠಾತ್ ಶಾಖವನ್ನು ತಾಳಿಕೊಳ್ಳುತ್ತದೆ. ಕುಂಬಾರನ ಜಾಣ್ಮೆ ಇರುವುದೇ ಇಲ್ಲಿ. ಇದನ್ನು ‘ಒರಟು’ ಎಂದು ಬದಿಗಿಡುವ ಕಲಾವಿಮರ್ಶೆ ಬಳಕೆಯನ್ನೇ ಮರೆತಿದೆ ಎನ್ನಬೇಕಾಗುತ್ತದೆ. (ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯೊಳಗೆ ಮಸಿಗೆ ಎಡೆಯಾದರೂ ಎಲ್ಲಿ?)

ಲಾಂಗ್‌ಕ್ವಾನ್ ಸೆಲಡಾನ್ ಸುಡುವ ಸಾಂಪ್ರದಾಯಿಕ ವಿದ್ಯೆಯನ್ನು ಯುನೆಸ್ಕೋ 2009ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಗುಗ್ಗುಳದ ಅಧ್ಯಯನವಾದರೋ ಒಡಪುಗಳ ಸಂಗ್ರಹಕ್ಕೆ ತೋರಿದ ಶ್ರದ್ಧೆಯನ್ನು ಕೊಡದ ಬಗೆಗೆ ತೋರಿಲ್ಲ. ಯಾವ ಕೆರೆಯ ಜೇಡಿ, ಅದಕ್ಕೆ ಬೆರೆಸಿದ ಮರಳೆಷ್ಟು, ಆವಿಗೆಗೆ ಯಾವ ಸೌದೆ, ಎಷ್ಟು ಹೊತ್ತಿನ ಉರಿ: ಕೆರೆಯಂಗಳಗಳು ಬಡಾವಣೆಗಳಾಗುತ್ತಿರುವಾಗ, ಹಿರಿಯ ಕುಂಬಾರರು ಇರುವಾಗಲೇ ಇವನ್ನು ಕೇಳಿ ಬರೆದುಕೊಳ್ಳಬೇಕಾಗಿದೆ.